ಹೆಣ್ಣುಮಕ್ಕಳ ಕಲ್ಲುಗಳು ಎಲ್ಲಿ ಹೋದವು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಒಂದು ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಸೇರಿದೆ. ರಕ್ತ, ಮೂತ್ರ, ಕಫ ಪರೀಕ್ಷೆ ಮಾಡಿ ಚೀಟಿ ಬರೆದುಕೊಡುವ ಕೆಲಸ. ಲ್ಯಾಬಿನಲ್ಲಿದ್ದ ಹೆಣ್ಣು ನಾನೊಬ್ಬಳೇ. ನಮ್ಮ ಮನೆ ತೀನ್ ಕಂದೀಲ್ ಚೌಕದ ಹಿಂದಿನ ಒಂದು ಓಣಿಯಲ್ಲಿತ್ತು. ಮನೆಯಲ್ಲಿ ನಾನು, ಅವ್ವ, ಇಬ್ಬರೇ. ಬೆಳಗ್ಗೆ ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ನಡೆದೇ ಆಸ್ಪತ್ರೆಗೆ ಹೋಗುತ್ತಿದ್ದೆ.

ನಮ್ಮ ಕಡೆ ಮೂತ್ರದ ಕಲ್ಲು ಹೊಸ ರೋಗವಲ್ಲ. ಆಸ್ಪತ್ರೆಯ ಸರ್ಜನ್ ಐವತ್ತು ದಾಟಿದವರು, ಸಿರವಾರದ ಕಡೆಯವರು, ಮಾತು ಒರಟು, ಕೈ ಮೆತ್ತಗೆ. ಅವರು ವಾರವಾರವೂ ಯಾರದಾದರೂ ಕಲ್ಲು ತೆಗೆಯುತ್ತಿದ್ದರು. ತೆಗೆದ ಕಲ್ಲನ್ನು ಬಟ್ಟೆಯ ಚೂರಿನಲ್ಲಿ ಸುತ್ತಿ ಮನೆಯವರ ಕೈಗೆ ಕೊಡುವುದು ರೂಢಿ. ಅವರು ಅದನ್ನು ಊರಿಗೆ ಒಯ್ದು ನಾಲ್ಕು ಮಂದಿಗೆ ತೋರಿಸಿ, ಆಮೇಲೆ ಎಲ್ಲೋ ಎಸೆದುಬಿಡುತ್ತಿದ್ದರು. ಆ ಕಲ್ಲು ಯಾತರದು ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೇಳಿದವಳು ದೇವದುರ್ಗ ತಾಲೂಕಿನ ಜಾಲಹಳ್ಳಿ ಕಡೆಯಿಂದ ಬಂದ ಒಬ್ಬ ಹುಡುಗಿ. ಹುಡುಗಿ ಎಂದರೆ ತಾಯಿಯೇ. ವಯಸ್ಸು ಇಪ್ಪತ್ತು ದಾಟಿರಲಿಲ್ಲ. ಅವಳ ನಾಲ್ಕು ವರ್ಷದ ಮಗನ ಮೂತ್ರಕೋಶದಿಂದ ಬೆಟ್ಟದಡಿಕೆಯಷ್ಟು ದಪ್ಪದ ಕಲ್ಲು ತೆಗೆದಿದ್ದರು. ಲ್ಯಾಬಿನ ಕಿಟಕಿಗೆ ಬಂದು ಬಟ್ಟೆ ಗಂಟು ಮುಂದೆ ಹಿಡಿದಳು.

"ಅಕ್ಕಾರ, ಇದು ಯಾತರದು ಅಂತ ನೋಡಿ ಹೇಳ್ತೀರೇನು?"

"ತೆಗದು ಆಗ್ಯದಲ್ಲವ್ವಾ. ಇನ್ನ ಏನು ನೋಡೂದು?"

"ನಮ್ಮತ್ತಿ ಹೇಳ್ತಾಳ, ನುಚ್ಚಕ್ಕಿ ಆರಿಸಲಾರದ ಕುದಿಸಿ ಉಣಿಸಿದಿ, ಅದರಾಗಿನ ಹಳ್ಳು ಹೊಟ್ಯಾಗ ಬೆಳದು ಕಲ್ಲಾತು ಅಂತ. ಓಣಿ ತುಂಬ ಹೇಳ್ಯಾಳ. ನಾ ಎರಡೆರಡು ಸಲ ಆರಿಸ್ತೀನ್ರೀ. ದೇವರಾಣಿ ಆರಿಸ್ತೀನಿ."

ಅವಳು ಅಳಲಿಲ್ಲ. ಗಂಟು ಹಿಡಿದ ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಉತ್ತರ ಸಿಗುವ ತನಕ ಹೋಗುವುದಿಲ್ಲ ಎಂಬಂತೆ ನಿಂತಿದ್ದಳು. ನಾನು ಗಂಟು ಇಸಿದುಕೊಂಡೆ.

ಲ್ಯಾಬಿನ ಮುಖ್ಯಸ್ಥರಿಗೆ ಕೇಳಿದರೆ, "ಅದು ನಮ್ಮ ಕೆಲಸಲ್ಲ. ಡಾಕ್ಟರು ಕೇಳಿಲ್ಲ, ರೋಗ ವಾಸಿ ಆಗ್ಯದ," ಎಂದರು. ನಾನು ತರಬೇತಿಯ ಹಳೆಯ ಪುಸ್ತಕ ಹುಡುಕಿ ತೆಗೆದೆ. ಕಲ್ಲಿನ ಪರೀಕ್ಷೆಯ ಬಗ್ಗೆ ಅದರಲ್ಲಿ ಎರಡೇ ಪುಟ ಇತ್ತು. ಬೇಕಾದ ನೈಟ್ರಿಕ್ ಆಸಿಡ್ ನಮ್ಮಲ್ಲೇ ಇತ್ತು. ಉಳಿದ ಒಂದೆರಡು ಔಷಧಿಯನ್ನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಒಬ್ಬ ಮಾಸ್ತರರು ಸಣ್ಣ ಶೀಶೆಯಲ್ಲಿ ಹಾಕಿಕೊಟ್ಟರು. ಕಲ್ಲನ್ನು ಗರಗಸದ ಅಲಗಿನಿಂದ ನಡುವೆ ಕೊಯ್ದೆ. ಒಳಗೆ ಉಳ್ಳಾಗಡ್ಡಿಯ ಹಾಗೆ ಸುತ್ತು ಸುತ್ತು ಪದರ. ನಟ್ಟನಡುವೆ ಮರಳಿನ ಕಾಳು ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದೆ. ಇರಲಿಲ್ಲ.

ಮರುದಿನ ಅವಳ ಅತ್ತೆಯೂ ಆಸ್ಪತ್ರೆಗೆ ಬಂದಿದ್ದಳು. ಹಣೆಗೆ ವಿಭೂತಿ, ಬಿಗಿದ ತುಟಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲ್ಯಾಬು ಖಾಲಿಯಾದಾಗ ಅತ್ತೆ ಸೊಸೆ ಇಬ್ಬರನ್ನೂ ಒಳಗೆ ಕರೆದೆ. ಮೊದಲು ಅಂಗಳದಿಂದ ಒಂದು ಚಿಟಿಕೆ ಮರಳು ತಂದು ಹಳೆಯ ಚಮಚದಲ್ಲಿ ಹಾಕಿ ಉರಿಯ ಮೇಲೆ ಹಿಡಿದೆ. ಮರಳು ಕಾದು ಕೆಂಪಾಯಿತು, ಮರಳಾಗಿಯೇ ಉಳಿಯಿತು. ಆಮೇಲೆ ಕಲ್ಲಿನ ಪುಡಿ ಹಾಕಿ ಹಿಡಿದೆ. ಅದು ಕಪ್ಪಾಗಿ, ಹೊಗೆಯಾಡಿ, ಕೂದಲು ಸುಟ್ಟಂಥ ವಾಸನೆ ಬಿಟ್ಟು, ಕಡೆಗೆ ಚೂರು ಬೂದಿ ಮಾತ್ರ ಉಳಿಯಿತು.

"ಹಳ್ಳು ಸುಡ್ತದೇನವ್ವಾ?" ಎಂದು ಅತ್ತೆಗೆ ಕೇಳಿದೆ.

ಅವಳು ಬಗ್ಗಿ ಚಮಚದೊಳಗೆ ನೋಡಿದಳು. ಇನ್ನಷ್ಟು ಪುಡಿಯನ್ನು ಪಿಂಗಾಣಿ ಬಟ್ಟಲಲ್ಲಿ ಆಸಿಡ್ ಹಾಕಿ ಒಣಗಿಸಿ ಅಮೋನಿಯದ ಹನಿ ಬಿಟ್ಟೆ. ನೇರಳೆ ಹಣ್ಣು ಒಡೆದ ಹಾಗೆ ಬಣ್ಣ ಬಂತು. ಸೊಸೆ ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೊಂದಿಷ್ಟನ್ನು ಕ್ಷಾರದಲ್ಲಿ ಕಾಸಿ ಅತ್ತೆಯ ಮೂಗಿನ ಹತ್ತಿರ ಒಯ್ದೆ.

"ಉಚ್ಚಿ ವಾಸನಿ," ಎಂದಳು ಅವಳು. ಅದೇ ಅವಳ ಮೊದಲ ಮಾತು.

"ಹೂಂ. ಇದು ಮೈಯೊಳಗ, ಉಚ್ಚಿಯೊಳಗ ಆಗಿದ್ದು. ಹೊರಗಿಂದ ಹೋಗಿದ್ದಲ್ಲ. ನಿಮ್ಮ ಸೊಸಿ ಅಕ್ಕಿ ಆರಿಸಿದ್ದಕ್ಕೂ ಇದಕ್ಕೂ ಸಂಬಂಧಿಲ್ಲ."

ಮಗು ಏನು ತಿನ್ನುತ್ತಿತ್ತು ಎಂದು ಕೇಳಿದೆ. ಎದೆಹಾಲು ಬೇಗ ಬತ್ತಿತ್ತು. ಆಮೇಲೆ ಗಂಜಿ, ನುಚ್ಚು, ರೊಟ್ಟಿ. ಹಾಲು ಇಲ್ಲವೆನ್ನುವಷ್ಟು ಕಡಿಮೆ, ಬೇಸಿಗೆಯಲ್ಲಿ ನೀರೂ ಕಡಿಮೆ. ಬಡ ಮನೆಗಳ ಸಣ್ಣ ಗಂಡುಮಕ್ಕಳಲ್ಲಿ ಈ ಜಾತಿಯ ಕಲ್ಲು ಹೀಗೇ ಆಗುತ್ತದೆ ಎಂದು ಸರ್ಜನ್ ಆಮೇಲೆ ತಿಳಿಸಿ ಹೇಳಿದರು. ನಾನು ಒಂದು ಕಾಗದದ ಮೇಲೆ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟೆ: ಕಲ್ಲು ಯಾತರದು, ಯಾತರದಲ್ಲ, ಮಗುವಿಗೆ ಏನು ಕೊಡಬೇಕು. ಅತ್ತೆ ಕಾಗದವನ್ನು ಮಡಚಿ ತನ್ನ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಆಮೇಲೆ ಸೊಸೆಯ ಕಡೆ ತಿರುಗಿ, "ಮುಂಜಾನಿಂದ ಉಂಡಿಲ್ಲ ನೀ. ಹೋಗು, ಉಣ್ಣು. ಹುಡುಗನ ಹಂತೇಕ ನಾ ಕುಂದರ್ತೀನಿ," ಎಂದಳು. ಅದಕ್ಕಿಂತ ಹೆಚ್ಚಿನ ಕ್ಷಮೆಯನ್ನು ಆ ಹೆಂಗಸಿನಿಂದ ನಾನು ನಿರೀಕ್ಷಿಸಿರಲಿಲ್ಲ. ಮೂರು ತಿಂಗಳ ಮೇಲೆ ಮಗುವನ್ನು ತೋರಿಸಲು ಅವರಿಬ್ಬರೂ ಕೂಡಿಯೇ ಬಂದರು. ಮಗು ಗುಂಡಗುಂಡಗೆ ಆಗಿತ್ತು.

ಅವರು ಬಂದುಹೋದ ದಿನವೇ ನಾನು ಸರ್ಜನ್ ಹತ್ತಿರ ಹೋಗಿ, ಇನ್ನು ಮುಂದೆ ತೆಗೆದ ಕಲ್ಲುಗಳಲ್ಲಿ ಒಂದೊಂದು ಚೂರು ನನಗೆ ಬೇಕು ಎಂದೆ.

"ಏನು ಮಾಡ್ತೀಯವ್ವಾ? ಮನಿ ಕಟ್ಟಸ್ತೀಯೇನು?"

"ಯಾರಿಗೆ ಯಾವ ಕಲ್ಲು ಆಗ್ತದ ಅಂತ ತಿಳ್ಕೋತೀನ್ರೀ ಸರ್."

ಅವರು ನಕ್ಕರು. ಆದರೆ ಮರುವಾರದಿಂದ ಚೂರುಗಳು ಬರತೊಡಗಿದವು. ಖಾಲಿಯಾದ ಇಂಜೆಕ್ಷನ್ ಬಾಟಲಿಗಳನ್ನು ತೊಳೆದು ಒಣಗಿಸಿ, ಒಂದೊಂದರಲ್ಲಿ ಒಂದೊಂದು ಕಲ್ಲು ಇಟ್ಟು, ಮೇಲೆ ಚೀಟಿ ಅಂಟಿಸಿದೆ. ಹೆಸರು ಬರೆಯುತ್ತಿರಲಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಯಾವ ಊರು, ಅಷ್ಟೇ. ಪರೀಕ್ಷೆಯ ಫಲಿತಾಂಶವನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದೆ. ದಿನದ ಕೆಲಸ ಮುಗಿಸಿಯೇ ಇದನ್ನು ಮಾಡಬೇಕಿತ್ತು. ಎಷ್ಟೋ ದಿನ ಊಟದ ಹೊತ್ತು ಅದರಲ್ಲೇ ಹೋಯಿತು. ಆಸಿಡ್ ಹನಿ ಬಿದ್ದು ನನ್ನ ಎರಡು ಸೀರೆಯ ಸೆರಗು ತೂತಾದವು. ಬಾಟಲಿಗಳು ಕಿಟಕಿಯ ಅಡ್ಡಪಟ್ಟಿ ತುಂಬಿ ಮೇಜಿಗೆ ಬಂದಾಗ ಮುಖ್ಯಸ್ಥರು, "ಇದನ್ನೆಲ್ಲ ಹೊರಗ ಒಗೀರಿ. ಲ್ಯಾಬ್ ಅದ ಇದು, ಗೋಲಿ ಅಂಗಡಿಯಲ್ಲ," ಎಂದರು. ನಾನು ಒಗೆಯಲಿಲ್ಲ. ಎರಡು ಬಿದಿರು ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಸರ್ಜನ್ ಕೋಣೆಯ ಮೂಲೆಯಲ್ಲಿ ಇಟ್ಟೆ. ಅವರು ತಮ್ಮ ಕಪಾಟಿನ ಎರಡು ಖಾನೆ ಖಾಲಿ ಮಾಡಿಕೊಟ್ಟರು.

ವರ್ಷಗಳು ಕಳೆದಂತೆ ನನಗೆ ಬಾಟಲಿ ನೋಡಿದರೇ ಒಂದಿಷ್ಟು ಅಂದಾಜು ಸಿಗತೊಡಗಿತು. ಸಣ್ಣ ಹುಡುಗರವು ಮೂತ್ರಕೋಶದಲ್ಲಿ ಬೆಳೆದ, ಬೂದುಹಳದಿ ಬಣ್ಣದ, ಸುಟ್ಟರೆ ಹೊಗೆಯಾಗಿ ಹೋಗುವ ಕಲ್ಲುಗಳು. ಹೊಲದಲ್ಲಿ, ಅಕ್ಕಿ ಗಿರಣಿಯಲ್ಲಿ ಬೆವರು ಸುರಿಸಿ ದುಡಿಯುವ ನಡುವಯಸ್ಸಿನ ಗಂಡಸರವು ಕಂದು ಬಣ್ಣದವು, ನೆಗ್ಗಿಲುಮುಳ್ಳಿನ ಹಾಗೆ ಚೂಪು, ಅಂಗೈಯಲ್ಲಿ ಒತ್ತಿದರೆ ಚುಚ್ಚುತ್ತಿದ್ದವು. ಅವು ಹೆಚ್ಚಾಗಿ ಆಕ್ಸಲೇಟಿನವು. ಮೂತ್ರ ಕಟ್ಟಿಕೊಂಡು ಬರುತ್ತಿದ್ದ ಮುದುಕರಲ್ಲಿ ಕಡಲೆಬೇಳೆ ಬಣ್ಣದ, ನುಣುಪಾದ, ಯೂರಿಕ್ ಆಸಿಡಿನ ಕಲ್ಲುಗಳು ಹೆಚ್ಚು. ಹೆಂಗಸರ ಕಲ್ಲುಗಳಲ್ಲಿ ಬಿಳಿಯವೇ ಎದ್ದು ಕಾಣುತ್ತಿದ್ದವು, ಸುಣ್ಣದ ಹೆಂಟೆಯ ಹಾಗೆ ಉಗುರಿಗೆ ಉದುರುತ್ತಿದ್ದವು. ಅವು ಸೋಂಕಿನಿಂದ ಬೆಳೆಯುವ ಕಲ್ಲುಗಳು. ಆದರೆ ಹೆಂಗಸರ ಬಾಟಲಿಗಳು ಖಾನೆಯ ಒಂದು ಮೂಲೆಯನ್ನೂ ತುಂಬಿರಲಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಒಮ್ಮೆ ಜಿಲ್ಲೆಯ ಡಾಕ್ಟರರೆಲ್ಲ ರಾಯಚೂರಿನಲ್ಲಿ ಸೇರಿದ್ದರು. ಸರ್ಜನ್ ಮಾತಾಡಲು ಎದ್ದವರು ನಡುವೆ ನಿಲ್ಲಿಸಿ, "ಇದನ್ನ ಮಾಡಿದಾಕಿ ಅಲ್ಲಿ ಕುಂತಾಳ. ಆಕೀನ ಹೇಳ್ತಾಳ," ಎಂದು ನನ್ನನ್ನು ಕರೆದರು. ಬಾಟಲಿಗಳನ್ನು ಮೇಜಿನ ಮೇಲೆ ವಯಸ್ಸಿನ ಪ್ರಕಾರ ಸಾಲಾಗಿ ಇಟ್ಟೆ. ಇಡುತ್ತಾ ಇಡುತ್ತಾ ಧೈರ್ಯ ಬಂತು. ಮಕ್ಕಳದು, ಗಂಡಸರದು, ಮುದುಕರದು, ಹೆಂಗಸರದು ಎಂದು ಒಂದೊಂದಾಗಿ ಹೇಳಿದೆ. ಕೊನೆಗೆ, "ಹೆಂಗಸರಿಗೆ ಕಲ್ಲು ಆಗೂದು ಬಹಳ ಕಡಿಮಿ," ಎಂದು ಮುಗಿಸಿದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಒಬ್ಬ ಲೇಡಿ ಡಾಕ್ಟರ್ ಕೈ ಎತ್ತಿದರು.

"ಆಗೂದು ಕಡಿಮಿನೋ, ಆಸ್ಪತ್ರಿಗೆ ಬರೂದು ಕಡಿಮಿನೋ?"

"ಗೊತ್ತಿಲ್ಲರೀ," ಎಂದೆ. ಯಾರೋ ನಕ್ಕರು. ಆ ಡಾಕ್ಟರ್ ನಗಲಿಲ್ಲ. "ಗೊತ್ತು ಮಾಡ್ಕೋ," ಎಂದರು.

ಸಂಜೆ ಮನೆಯಲ್ಲಿ ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು. ನಾನು ನಡೆದದ್ದನ್ನು ಹೇಳಿದೆ. ಅವಳು ಹಿಟ್ಟಿನಿಂದ ಕಣ್ಣೆತ್ತದೆ, "ನನಗೂ ಇತ್ತಲ್ಲ," ಎಂದಳು.

"ಏನಿತ್ತು?"

"ಉರಿ. ನೀ ಸಣ್ಣಾಕಿ ಇದ್ದಾಗ. ಎರಡು ವರ್ಷ ಇತ್ತು. ಒಮ್ಮೊಮ್ಮೆ ರಕ್ತ ಹೋಗ್ತಿತ್ತು."

"ಯಾರಿಗೂ ಹೇಳಲಿಲ್ಲೇನು?"

"ಯಾರಿಗಂತ ಹೇಳ್ಲಿ? ನಿಮ್ಮಪ್ಪಗೆ? ಬೆಳಕು ಹರಿಯೂಕಿಂತ ಮೊದಲೊಮ್ಮೆ ಬೈಲಿಗೆ ಹೋದ್ರ, ಮತ್ತ ಹೊತ್ತು ಮುಣಗಿದ ಮ್ಯಾಲೇ. ನಡುವ ನೀರು ಕುಡೀಲಾರದ ಇರ್ತಿದ್ವಿ. ಎಲ್ಲಾರಿಗೂ ಇರ್ತಿತ್ತು. ಅದೊಂದು ಹೇಳೂ ಮಾತೇನು?"

ಹತ್ತಾರು ವರ್ಷ ಒಂದೇ ತಟ್ಟೆಯಲ್ಲಿ ಉಂಡ ನನ್ನ ತಾಯಿಯ ಬಗ್ಗೆ ನನಗೆ ಇದು ತಿಳಿದಿರಲಿಲ್ಲ. ದಿನಾ ಕಂಡವರ ಮೂತ್ರ ಪರೀಕ್ಷೆ ಮಾಡುವವಳು ನಾನು! ಮರುದಿನವೇ ಅವಳ ಪರೀಕ್ಷೆ ಮಾಡಿದೆ, ಏನೂ ದೋಷ ಇರಲಿಲ್ಲ. ಆದರೆ ನನ್ನ ಪುಸ್ತಕದ ಬಗ್ಗೆ ನನಗಿದ್ದ ಹೆಮ್ಮೆ ಅಲ್ಲಿಗೆ ಇಳಿಯಿತು. ಅದರಲ್ಲಿ ಇದ್ದದ್ದು ಕಲ್ಲು ಆದವರ ಲೆಕ್ಕವಲ್ಲ, ನಮ್ಮ ಬಾಗಿಲ ತನಕ ಬಂದವರ ಲೆಕ್ಕ. ಬಾರದವರ ಹತ್ತಿರ ನಾನೇ ಹೋಗಬೇಕು ಎಂದು ನಿಶ್ಚಯಿಸಿದೆ.

ಮುಖ್ಯಸ್ಥರು ಒಪ್ಪಲಿಲ್ಲ. ಹಾಗಾದರೆ ನನ್ನ ವಾರದ ರಜೆಯ ದಿನ ಹೋಗುತ್ತೇನೆ ಎಂದೆ. ಅದಕ್ಕೆ ಅವರು ಬೇಡ ಎನ್ನುವಂತಿರಲಿಲ್ಲ. ಸರ್ಜನ್ ತಮ್ಮ ಹಳೆಯ ಸೂಕ್ಷ್ಮದರ್ಶಕ ಕೊಟ್ಟರು. ಅದನ್ನು ಟವಲಿನಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಮಾನ್ವಿ ಬಸ್ಸು ಹತ್ತಿದೆ. ಅಲ್ಲಿನ ಒಬ್ಬ ನರ್ಸಮ್ಮ ತನ್ನ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದಳು. ಕಿಟಕಿಯ ಬಿಸಿಲಿಗೆ ಸೂಕ್ಷ್ಮದರ್ಶಕದ ಕನ್ನಡಿ ತಿರುಗಿಸಿ, ಶೀಶೆಗಳನ್ನು ಜೋಡಿಸಿಕೊಂಡು ಕೂತೆ. ಮೊದಲ ಸಲ ಯಾರೂ ಬರಲಿಲ್ಲ. ಎರಡನೆಯ ಸಲ ಇಬ್ಬರು ಬಾಗಿಲ ತನಕ ಬಂದು ಶೀಶೆ ನೋಡಿ ಹೊರಟೇಹೋದರು.

"ಶೀಶೆ ಒಳಗಿಡ್ರಿ," ಎಂದಳು ನರ್ಸಮ್ಮ. "ಉಚ್ಚಿ ಶೀಶೆ ಹಿಡ್ಕೊಂಡು ಓಣ್ಯಾಗ ಯಾರು ನಡೀತಾರ? ಮೊದಲ ಮಾತಾಡ್ರಿ."

ಮೂರನೆಯ ಸಲ ಶೀಶೆಗಳನ್ನು ಅಡುಗೆಮನೆಯಲ್ಲಿ ಮುಚ್ಚಿಟ್ಟು, ಕೋಣೆಯಲ್ಲಿ ಚಾಪೆ ಹಾಸಿ, ಹಿತ್ತಲಿನ ಪಾಯಿಖಾನೆಯ ದಾರಿ ಒಳಗಿನಿಂದಲೇ ಇರುವಂತೆ ನೋಡಿಕೊಂಡೆ. ಅವತ್ತು ಬಂದವಳು ಬಳೆ ಅಂಗಡಿಯವನ ಹೆಂಡತಿ. ಬುರ್ಖಾ ಹಿಂದಕ್ಕೆ ಸರಿಸಿ ಚಾಪೆಯ ಮೇಲೆ ಕೂತಳು. ಮೂವತ್ತೈದರ ಆಸುಪಾಸು, ಕಣ್ಣಿನ ಕೆಳಗೆ ಕಪ್ಪು. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ.

"ಬುಖಾರ್ ಬರ್ತದ, ಹೋಗ್ತದ ಅಕ್ಕಾ. ಕಮರ್ ಈ ಕಡಿ ಬಾಳ ನೋಯ್ತದ. ಆರು ವರ್ಷ ಆತು," ಎಂದು ಎಡ ಸೊಂಟದ ಮೇಲೆ ಕೈ ಇಟ್ಟು ತೋರಿಸಿದಳು.

"ಮನ್ಯಾಗ ಹೇಳೀರೇನು?"

"ಶರಮ್ ಅಲ್ಲೇನಕ್ಕಾ? ಅಂಗಡಿ ಮುಂದ, ಮನಿ ಹಿಂದ. ದಿನಾ ಪೂರ್ತಿ ಗಂಡಸರು ಇರ್ತಾರ. ಹೊರಗ ಹೋಗಾಕ ಆಗೂದಿಲ್ಲ, ಅದಕ್ಕ ನೀರೇ ಕುಡಿಯೂದಿಲ್ಲ ನಾ."

ಅವಳ ಮೂತ್ರದ ಹನಿಯನ್ನು ಗಾಜಿನ ಮೇಲೆ ಹಾಕಿ ನೋಡಿದೆ. ಕೀವಿನ ಕಣಗಳು ತುಂಬಿದ್ದವು. ಅವುಗಳ ನಡುವೆ ಪೆಟ್ಟಿಗೆಯ ಮುಚ್ಚಳದ ಆಕಾರದ ಹರಳುಗಳು ಥಳಥಳ ಹೊಳೆಯುತ್ತಿದ್ದವು. ಕಪಾಟಿನ ಮೂಲೆಯ ಬಿಳಿ ಕಲ್ಲುಗಳು ಯಾವುದರಿಂದ ಕಟ್ಟಿಕೊಳ್ಳುತ್ತವೋ ಅದೇ ಹರಳು. ರಾಯಚೂರಿಗೆ ಬಂದು ಎಕ್ಸ್‌ರೇ ತೆಗೆಸಬೇಕು ಎಂದೆ. ಅವಳು ತಲೆಯಾಡಿಸಿದಳು. ಗಂಡಸು ಡಾಕ್ಟರ ಮುಂದೆ ಮಲಗುವುದಿಲ್ಲ, ಗಂಡನಿಗೆ ಹೇಳುವುದೂ ಇಲ್ಲ.

"ನಾ ಹೇಳ್ಲೇನು?" ಎಂದೆ. ಅವಳು ಬುರ್ಖಾ ಮುಂದಕ್ಕೆ ಎಳೆದುಕೊಳ್ಳುತ್ತಾ, "ಹೇಳ್ರಿ," ಎಂದಳು.

ಬಳೆ ಅಂಗಡಿಗೆ ಹೋದೆ. ಅವಳ ಗಂಡ ನನ್ನನ್ನು ಗಿರಾಕಿ ಎಂದುಕೊಂಡು ಹಸಿರು ಬಳೆಯ ಡಬ್ಬಿ ತೆರೆದ. ನಾನು ಅವನ ಹೆಂಡತಿಯ ವಿಷಯ ಹೇಳಿದೆ. ಅವನು ಡಬ್ಬಿ ಮುಚ್ಚಲಿಲ್ಲ, ಹಾಗೇ ಹಿಡಿದುಕೊಂಡು ನಿಂತ.

"ಎಷ್ಟು ವರ್ಷ ಅಂದ್ರಿ?"

"ಆರು."

"ಆರು ವರ್ಷ ನನ್ನ ಬಾಜೂಕ ಮಲಗ್ಯಾಳ. ಒಂದು ಮಾತು ಹೇಳಿಲ್ಲ." ಆಮೇಲೆ ಕೇಳಿದ, "ಎಂದು ಕರಕೊಂಡು ಬರ್ಲಿ?"

ಅವಳ ಕಡೆಯಿಂದ ಒಂದೇ ಷರತ್ತು. ಕೋಣೆಯಲ್ಲಿ ನಾನು ಇರಬೇಕು. ನಾನಿದ್ದೆ, ಮೊದಲ ತಪಾಸಣೆಯಿಂದ ಆಪರೇಷನ್ ತನಕ. ಎಕ್ಸ್‌ರೇಯಲ್ಲಿ ಕಲ್ಲು ಜಿಂಕೆಯ ಕೊಂಬಿನ ಹಾಗೆ ಕವಲೊಡೆದು ಎಡ ಮೂತ್ರಪಿಂಡವನ್ನು ತುಂಬಿಕೊಂಡಿತ್ತು. ಸರ್ಜನ್ ಅದನ್ನು ತೆಗೆಯುವಾಗಲೇ ಚೂರುಚೂರಾಯಿತು. ಒಂದು ಚೂರು ಲ್ಯಾಬಿಗೆ ಒಯ್ದು ಪರೀಕ್ಷೆ ಮಾಡಿದೆ. ಕ್ಷಾರಕ್ಕೆ ಅಮೋನಿಯ ಘಾಟು ಬಂತು, ಫಾಸ್ಫೇಟಿಗೆ ಹಳದಿ ಗಸಿ ಕೂತಿತು. ಅಂದಾಜು ನಿಜವಾಯಿತು.

"ಸೋಂಕಿನ ಕಲ್ಲೇ ಅದ ಸರ್. ಒಂದು ಚೂರು ಒಳಗ ಉಳದ್ರೂ ಮತ್ತ ಬೆಳೀತದ," ಎಂದೆ.

ಅವರು ವಾದ ಮಾಡಲಿಲ್ಲ. ಗಾಯ ಒಣಗಿದ ಮೇಲೆ ಮತ್ತೆ ಎಕ್ಸ್‌ರೇ ತೆಗೆಸಿದರು. ಕೆಳಗಿನ ಕವಲಿನಲ್ಲಿ ಒಂದು ಚೂರು ಉಳಿದೇ ಇತ್ತು. ತಿಂಗಳುಗಟ್ಟಲೆ ಔಷಧ, ಆಮೇಲೆ ಇನ್ನೊಂದು ಆಪರೇಷನ್. ಈ ಮಾತನ್ನು ಅವಳಿಗೆ ಹೇಗೆ ಹೇಳುವುದು ಎಂದು ನಾನು ಹಾಸಿಗೆಯ ಹತ್ತಿರ ತಡವರಿಸುತ್ತಿದ್ದೆ. ಅರ್ಧ ಮಾತಿಗೇ ತಿಳಿದುಕೊಂಡು ಅವಳೇ ಹೇಳಿದಳು:

"ಒಂದು ಸಲ ಬಂದು ಆತಲ್ಲ ಅಕ್ಕಾ. ಇನ್ನ ಅಂಜಿಕಿ ಏನು? ಪೂರಾ ತಗೀರಿ. ಅರ್ಧಕ್ಕ ಬಿಡಬ್ಯಾಡ್ರಿ."

ಪೂರ್ತಿ ತೆಗೆದರು. ಮೂತ್ರಪಿಂಡ ಉಳಿಯಿತು, ಜ್ವರ ನಿಂತಿತು. ಗಂಡ ಅಂಗಡಿಯ ಹಿಂದೆ, ಮನೆಯೊಳಗಿನಿಂದಲೇ ಹೋಗುವಂತೆ ಒಂದು ಪಾಯಿಖಾನೆ ಕಟ್ಟಿಸಿದ. ಅವಳು ಮೈ ತುಂಬಿಕೊಂಡು, ಮನೆಯ ಒಳಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ತಾನೇ ಬಳೆ ಇಡಿಸಲು ಶುರುಮಾಡಿದಳು. ಬಳೆ ಏರಿಸುವಾಗ ಕೈ ಅವಳ ಹಿಡಿತದಲ್ಲಿ ಇರುತ್ತದಲ್ಲ, ಎದ್ದು ಹೋಗುವಂತಿಲ್ಲ. ಆಗ ಒಬ್ಬೊಬ್ಬರಿಗೂ ಮೆಲ್ಲಗೆ ಕೇಳುತ್ತಿದ್ದಳಂತೆ, "ಉರಿ ಅದೇನು? ಕಮರ್ ನೋಯ್ತದೇನು? ನರ್ಸಮ್ಮನ ಮನಿಗೆ ಹೋಗು. ಅಲ್ಲಿ ಯಾರೂ ನೋಡೂದಿಲ್ಲ." ನಾನು ಮುಂದಿನ ಸಲ ಮಾನ್ವಿಗೆ ಹೋದಾಗ ಚಾಪೆ ಸಾಲದೆ ನರ್ಸಮ್ಮ ಪಕ್ಕದ ಮನೆಯಿಂದ ಇನ್ನೊಂದು ತಂದು ಹಾಸಿದಳು. ರೈತರ ಮನೆಯವರು, ಗಿರಣಿ ಮಾಲೀಕರ ಮನೆಯವರು, ಎಲ್ಲರೂ ಹೊಸ ಬಳೆ ಹಾಕಿಕೊಂಡೇ ಬಂದಿದ್ದರು.

ಎಲ್ಲರಿಗೂ ಕಲ್ಲು ಇರಲಿಲ್ಲ. ಬಹಳ ಮಂದಿಗೆ ಸೋಂಕು ಮಾತ್ರ. ಅದು ಔಷಧಕ್ಕೆ ಬಗ್ಗಿತು, ಕಲ್ಲಾಗುವ ತನಕ ಹೋಗಲಿಲ್ಲ. ಕಲ್ಲು ಇದ್ದವರು ರಾಯಚೂರಿಗೆ ಬಂದರು. ಎರಡು ಮೂರು ವರ್ಷಗಳಲ್ಲಿ ಹೆಂಗಸರ ಬಾಟಲಿಗಳಿಗೆ ಕಪಾಟಿನಲ್ಲಿ ಬೇರೆ ಖಾನೆಯೇ ಬೇಕಾಯಿತು. ಅವರಲ್ಲೂ ಎಲ್ಲರದು ಬಿಳಿ ಕಲ್ಲಲ್ಲ. ಗಂಡಸರ ಹಾಗೆ ಮುಳ್ಳಿನ ಆಕ್ಸಲೇಟ್ ಕಲ್ಲು ಇದ್ದವರೂ ಸಾಕಷ್ಟಿದ್ದರು. ನಾಲ್ಕು ಬಾಟಲಿ ನೋಡಿ ನಾನು ಹೇಳಿದ್ದ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಹೆಂಗಸರಿಗೆ ಕಲ್ಲು ಗಂಡಸರಿಗಿಂತ ಕಡಿಮೆ ಹೌದು, ಆದರೆ ನನ್ನ ಪುಸ್ತಕ ತೋರಿಸಿದಷ್ಟು ಕಡಿಮೆಯಲ್ಲ. ಪುಸ್ತಕದಲ್ಲಿ ಆ ಹಳೆಯ ಸಾಲಿನ ಮೇಲೆ ಗೆರೆ ಎಳೆದು ಹೊಸದನ್ನು ಬರೆದೆ.

ಮಾನ್ವಿಯ ಕೆಲಸ ನೋಡಿದ ಮೇಲೆ ದೇವದುರ್ಗದ ಆಸ್ಪತ್ರೆಯಲ್ಲೂ ತಿಂಗಳಿಗೊಂದು ದಿನ ಹೆಂಗಸರ ಮೂತ್ರ ಪರೀಕ್ಷೆ ಮಾಡಲು ನನಗೆ ಅನುಮತಿ ಸಿಕ್ಕಿತು. ಈ ಸಲ ರಜೆಯ ದಿನ ಹೋಗಬೇಕಿರಲಿಲ್ಲ, ಕೆಲಸದ ದಿನವೇ. ಕೊಟ್ಟ ಕೋಣೆ ಚೆನ್ನಾಗಿತ್ತು, ಪಕ್ಕದಲ್ಲೇ ಪಾಯಿಖಾನೆಯೂ ಇತ್ತು. ಆದರೆ ಅದರ ಬಾಗಿಲಿಗೆ ಒಳಗಿನ ಚಿಲಕ ಇರಲಿಲ್ಲ. ಚಿಲಕ ಹಾಕಿಸಿಕೊಡಿ ಎಂದು ಅಲ್ಲಿನ ಗುಮಾಸ್ತರಿಗೆ ಕೇಳಿದರೆ, ಬಡಿಗನನ್ನು ಕರೆಸಬೇಕು, ಅದಕ್ಕೆ ಕಾಗದ ಹೋಗಬೇಕು, ಮುಂದಿನ ತಿಂಗಳು ನೋಡೋಣ ಎಂದರು. ಹೊರಗೆ ಬೇವಿನ ಗಿಡದ ಕೆಳಗೆ ಐದಾರು ಹೆಂಗಸರು ಆಗಲೇ ಬಂದು ಕೂತಿದ್ದರು. ಚಿಲಕವಿಲ್ಲದ ಬಾಗಿಲು ನೋಡಿದರೆ ಅವರು ಇನ್ನೊಮ್ಮೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಸ್ವಲ್ಪ ಕುಂದರ್ರಿ, ಈಗ ಬಂದೆ," ಎಂದು ಅವರಿಗೆ ಹೇಳಿ ಬಜಾರಿಗೆ ಹೋದೆ. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಒಂದು ಚಿಲಕ, ನಾಲ್ಕು ಸ್ಕ್ರೂ ತೆಗೆದುಕೊಂಡು, ತಿರುಪುಳಿಯನ್ನು ಅಂಗಡಿಯವನಿಂದ ಅರ್ಧ ಗಂಟೆಗೆ ಇಸಿದುಕೊಂಡು ಬಂದೆ. ಬಾಗಿಲ ಕಟ್ಟಿಗೆ ಹಳೆಯದು, ಗಟ್ಟಿ. ಎರಡು ಸ್ಕ್ರೂ ಸೊಟ್ಟಗೆ ಹೋದವು, ಅಂಗೈ ಬೊಬ್ಬೆ ಎದ್ದಿತು. ಗಿಡದ ಕೆಳಗಿನ ಹೆಂಗಸರಲ್ಲಿ ಒಬ್ಬಳು ಎದ್ದು ಬಂದು, ಏನೂ ಕೇಳದೆ, ಬಾಗಿಲು ಅಲುಗದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದಳು. ನಾಲ್ಕನೆಯ ಸ್ಕ್ರೂ ಬಿಗಿಯಾಗಿ ಕೂತಿತು. ನಾನು ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದೆ. ಆಮೇಲೆ ಅವಳ ಕೈಗೇ ಮೊದಲ ಶೀಶೆ ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಕೋಣೆಗೆ ಬಂದು ಸೂಕ್ಷ್ಮದರ್ಶಕದ ಟವಲು ಬಿಚ್ಚಿದೆ.